ನಾಲ್ಕು ಹತ್ತರ ದೀಪ

ಆ ಲ್ಯಾಪ್‌ಟಾಪ್ ಆನ್ ಮಾಡಿ, ಸ್ನಾನ ಮುಗಿಸಿ, ಬಟ್ಟೆ ಒಣಹಾಕಿ ಬಂದರೂ ಅದಿನ್ನೂ ಎದ್ದಿರುತ್ತಿರಲಿಲ್ಲ. ಪರದೆಯ ಮೇಲೆ ಉಂಗುರವೊಂದು ಗಿರಗಿರ ಸುತ್ತುತ್ತಿರುತ್ತಿತ್ತು. ಎದ್ದ ಮೇಲೂ ಅಷ್ಟೇ. ಒಂದು ಅಕ್ಷರ ಒತ್ತಿದರೆ, ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಂತೆ, ನಿಧಾನಕ್ಕೆ ಮೂಡುತ್ತಿತ್ತು. ಅಕ್ಕ ಇದರಲ್ಲೇ ಆರು ವರ್ಷ ದುಡಿದಿದ್ದಳು. ಅವಳು ಸತ್ತು ಐದು ತಿಂಗಳಾಗಿತ್ತು. ಅಷ್ಟು ದಿನವೂ ಅದು ಬೀರುವಿನಲ್ಲಿ, ಅವಳ ಶಾಲಿನ ಕೆಳಗೆ ಬಿದ್ದಿತ್ತು.

ಈಗ ಅದು ಮೋಟುವಿಗೆ ಬೇಕಾಗಿತ್ತು. ಮೋಟು ಅಂದರೆ ತಂಗಿ. ಮನೆಯಲ್ಲಿ ಎಲ್ಲರಿಗಿಂತ ಕುಳ್ಳಿ ಎಂದು ಅಕ್ಕನೇ ಇಟ್ಟ ಹೆಸರು, ಇಪ್ಪತ್ತಾರು ತುಂಬಿದರೂ ಬಿಟ್ಟಿರಲಿಲ್ಲ. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ವರದಿಗಳನ್ನು ಟೈಪು ಮಾಡಿಕೊಂಡು ಹಾಸ್ಟೆಲಿನಲ್ಲಿದ್ದವಳು, ಅಮ್ಮ ಒಂಟಿಯಾದಳೆಂದು ಗಂಟುಮೂಟೆ ಕಟ್ಟಿಕೊಂಡು ಬಂದಿದ್ದಳು. ಆಸ್ಪತ್ರೆಯವರು ಮನೆಯಿಂದಲೇ ಮಾಡು ಎಂದಿದ್ದರು. ಎರಡು ವಾರ ನೋಡುತ್ತೇವೆ, ವರದಿ ತಡವಾದರೆ ಬೇರೆಯವರಿದ್ದಾರೆ ಎಂದೂ ಹೇಳಿದ್ದರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಯಾವಾಗ ನೋಡಿದರೂ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದಿರುತ್ತಿದ್ದುದರಿಂದ ಜನ ಅವನನ್ನು ಬೆಸುಗೆ ಎಂದೇ ಕರೆಯುತ್ತಿದ್ದರು. ಅವನು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ಮತ್ತೆ ಮುಚ್ಚಿದ.

"ಇದರ ಮೆಮೊರಿ ಬೋರ್ಡಿಗೇ ಅಂಟಿಸಿಬಿಟ್ಟಿದಾರೆ ತಾಯಿ. ತೆಗೆದು ದೊಡ್ಡದು ಹಾಕೋಕೆ ನಾನಲ್ಲ, ನಮ್ಮಪ್ಪ ಬಂದ್ರೂ ಆಗಲ್ಲ."

"ಹಾಗಾದ್ರೆ ಬಿಸಾಕೋದೇನಾ ಅಣ್ಣಾ?"

"ಬಿಸಾಕೋಕೆ ಇದೇನು ಹಣ್ಣಿನ ಸಿಪ್ಪೇನಾ? ಒಂದು ಒಳ್ಳೆ ಪೆನ್ ಡ್ರೈವ್ ಸಿಕ್ಕಿಸು. ಇದನ್ನ ನಿನ್ನ ಕೆಲಸಕ್ಕೇ ಬಳಸ್ಕೋ ಅಂತ ಮೆಷಿನ್‌ಗೆ ಹೇಳು. ಹಾರ್ಡ್ ಡಿಸ್ಕ್ ಅನ್ನೋದು ದೂರದ ಅಡುಗೆಮನೆ ಇದ್ದಂಗೆ. ಪ್ರತಿಸಲ ಅಲ್ಲಿಗೆ ಓಡೋ ಬದಲು ಬಾಗಿಲ ಹತ್ರ ಒಂದು ಸ್ಟೂಲ್ ಹಾಕಿ, ಬೇಕಾಗೋದನ್ನ ಮುಂಚೆನೇ ತಂದಿಟ್ಕೊಂಡ್ರೆ ಹೇಗೆ? ಪೆನ್ ಡ್ರೈವ್ ಆ ಸ್ಟೂಲ್. ಐದು ನಿಮಿಷದ ಕೆಲಸ."

"ಗೊತ್ತು," ಅಂದಳು ಮೋಟು.

ಗೊತ್ತಿತ್ತು. ಅದನ್ನೇ ಹಿಂದೊಮ್ಮೆ ಅವಳು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. ಆ ವಿಷಯ ಈಗ ಯೋಚಿಸುವುದು ಬೇಡವೆಂದು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಹೊರಟಳು.

ಮನೆಯಲ್ಲಿದ್ದುದು ಒಂದೇ ಪೆನ್ ಡ್ರೈವ್. ಶವಾಗಾರದವರು ಅಕ್ಕನ ಹೆಣದ ಜೊತೆ ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ, ಮುರಿದ ಕೊಡೆ, ಬೀಗದ ಕೈ, ಒಂಟಿ ಕಿವಿಯೋಲೆಗಳ ನಡುವೆ ಅದಿತ್ತು. ಹೊರತುದಿಯ ಒಂದು ಮೂಲೆ ಜಜ್ಜಿಹೋಗಿತ್ತು. ಸಿಕ್ಕಿಸಿದಾಗ ತುದಿಯಲ್ಲಿ ಚಿಕ್ಕ ನೀಲಿ ದೀಪ ಹತ್ತಿತು. ಈ ಡ್ರೈವನ್ನು ಓದಲಾಗುತ್ತಿಲ್ಲ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಬೇಕೇ ಎಂದು ಪರದೆ ಕೇಳಿತು. ಆಸ್ಪತ್ರೆಯಿಂದ ಹನ್ನೊಂದು ವರದಿ ಬಂದು ಕೂತಿದ್ದವು. ಮೋಟು ಹೌದು ಎಂದು ಒತ್ತಿದಳು. ಒತ್ತಿದ ಮೇಲೆ, ಅದರಲ್ಲೇನಿತ್ತೋ ಎಂದು ಒಮ್ಮೆ ಅನ್ನಿಸಿತು. ಅಷ್ಟರಲ್ಲಿ ಅದು ಖಾಲಿಯಾಗಿ, ಮೆಷಿನ್ನಿನ ಪಾಲಾಗಿತ್ತು.

ಕೆಲಸ ಆಗಿದ್ದಂತೂ ನಿಜ. ಲ್ಯಾಪ್‌ಟಾಪ್ ಓಡತೊಡಗಿತು ಎನ್ನಲಾಗದು, ಆದರೆ ಕುಂಟುವುದು ನಿಂತಿತು. ಅಕ್ಷರಗಳು ಬೆರಳಿನ ಜೊತೆಗೇ ಬಂದವು. ಹನ್ನೊಂದು ವರದಿಗಳೂ ಮಧ್ಯಾಹ್ನದೊಳಗೆ ಹೋದವು.

ಅಂದು ಊಟವಾಗಿ ಮೋಟು ಚಾಪೆಯ ಮೇಲೆ ಅಡ್ಡಾಗಿದ್ದಳು. ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇತ್ತು, ಯಾರೂ ಮುಟ್ಟಿರಲಿಲ್ಲ. ನೀಲಿ ದೀಪ ಮಿಣುಕತೊಡಗಿತು. ಒಂದೆರಡು ಸಲವಲ್ಲ, ಯಾರೋ ಅವಸರದಲ್ಲಿ ಏನನ್ನೋ ಹುಡುಕುತ್ತಿರುವ ಹಾಗೆ ಪಟಪಟ ಮಿಣುಕಿತು. ಒಳಗಿನ ಡಿಸ್ಕು ಕರಕರ ಎಂದಿತು. ಅರ್ಧ ನಿಮಿಷದ ಮೇಲೆ ಎಲ್ಲ ಸುಮ್ಮನಾಯಿತು. ಗಡಿಯಾರದಲ್ಲಿ ನಾಲ್ಕು ಹತ್ತು. ಮರುದಿನವೂ ನಾಲ್ಕು ಹತ್ತು. ಮೂರನೆಯ ದಿನ ಅಮ್ಮನೂ ನೋಡಿದಳು.

ಅಮ್ಮ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟು ಇಸ್ತ್ರಿ ಮಾಡುತ್ತಿದ್ದಳು. ಮೊದಲು ಮಧ್ಯಾಹ್ನದ ಪಾಳಿಯಿತ್ತು, ಹನ್ನೆರಡಕ್ಕೆ ಹೋದರೆ ಬರುವುದು ರಾತ್ರಿಯೇ. ಮಗಳು ಸತ್ತ ಮೇಲೆ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡು, ಮೂರೂವರೆಗೆಲ್ಲ ಮನೆಯಲ್ಲಿರುತ್ತಿದ್ದಳು. ಮೊದಲೇ ಇರಬೇಕಿತ್ತು ಎಂದು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ.

"ಅದ್ಯಾಕೆ ಹಾಗೆ ಮಿಣುಕುತ್ತೆ?"

"ಒಳಗೆ ಏನೋ ಕೆಲಸ ಮಾಡ್ತಿರುತ್ತಮ್ಮ."

"ಯಾರೂ ಕೂತಿಲ್ಲ. ಯಾರ ಕೆಲಸ?"

ಅಮ್ಮ ಟೀ ಲೋಟ ಹಿಡಿದುಕೊಂಡು ಮೇಜಿನ ಎದುರಿಗಿದ್ದ ಕುರ್ಚಿಯಲ್ಲಿ ಕೂತಳು. "ಅವಳು ಹೊರಟಿದ್ದು ಇದೇ ಹೊತ್ತಿಗೆ," ಎಂದಳು.

ಮನೆಯಲ್ಲಿ ಐದು ತಿಂಗಳಿಂದ ಕೊಳೆಯುತ್ತಿದ್ದ ಪ್ರಶ್ನೆ ಅದೇ. ಟ್ಯಾಂಕರ್ ಅಕ್ಕನಿಗೆ ಬಡಿದದ್ದು ನಾಲ್ಕೂವರೆಗೆ, ಊರಾಚೆಯ ಅಗಲ ರಸ್ತೆಯಲ್ಲಿ. ಮನೆಯಲ್ಲೇ ಕೂತು ವಿಮೆ ಅರ್ಜಿಗಳನ್ನು ಟೈಪು ಮಾಡುತ್ತಿದ್ದವಳು, ಕೊಡೆ ಹಿಡಿದುಕೊಂಡು ಆ ಉರಿಬಿಸಿಲಲ್ಲಿ ಅಲ್ಲಿಗೆ ಯಾಕೆ ಹೋದಳು? ರಸ್ತೆಯ ಆ ಬದಿಗೆ ಇದ್ದದ್ದು ನಾಲ್ಕು ಗೋಡೌನು, ಒಂದು ಲಾಡ್ಜು ಮತ್ತು ಅವಳಿಗೆ ಕೆಲಸ ಕೊಡುತ್ತಿದ್ದ ಏಜೆಂಟನ ಆಫೀಸು. ಏಜೆಂಟ್ ಮನೆಗೆ ಬಂದು, ಕೈಕಟ್ಟಿ ನಿಂತು, "ನಮ್ಮದೆಲ್ಲ ನೆಟ್‌ನಲ್ಲೇ ಬರೋದಮ್ಮ, ಅವರು ಆಫೀಸಿನ ಮೆಟ್ಟಿಲು ಹತ್ತಿದ್ದೇ ಇಲ್ಲ," ಎಂದು ಹೇಳಿ ಹೋಗಿದ್ದ. ಹಾಗಾಗಿ ಉಳಿದದ್ದು ಲಾಡ್ಜು. ಕೆಳಗಿನ ಮನೆಯಾಕೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ದಿನಾ ಅದೇ ಹೊತ್ತಿಗೆ ತಲೆ ಬಾಚ್ಕೊಂಡು ಹೋಗ್ತಿದ್ಲು ಪಾಪ," ಎಂದು ಮೆಟ್ಟಿಲ ಬಳಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಆ 'ಪಾಪ'ದಲ್ಲೇ ಎಲ್ಲ ಇತ್ತು. ಅಮ್ಮ ಈಗ ಮೆಟ್ಟಿಲಿಳಿಯುವಾಗ ತಲೆ ತಗ್ಗಿಸಿಕೊಂಡೇ ಇಳಿಯುತ್ತಿದ್ದಳು.

ಮರುದಿನ ಮೋಟು ಮತ್ತೆ ಬೆಸುಗೆಯ ಅಂಗಡಿಗೆ ಹೋದಳು. ಅಕ್ಕ ಸತ್ತದ್ದು, ದೀಪ ಮಿಣುಕುವುದು ಎರಡನ್ನೂ ಹೇಳಿದಳು. ದೀಪದ ಮಾತಿಗೆ ಅವನು ನಕ್ಕ.

"ದೆವ್ವಾನೂ ಇಲ್ಲ, ಗಾಳೀನೂ ಇಲ್ಲ. ರೂಢಿ ಅದು. ದಿನಾ ಒಂದೇ ಹೊತ್ತಿಗೆ ಬರೋ ಗಿರಾಕಿ ಇರ್ತಾನಲ್ಲ, ಅವನು ಬಾಗಿಲಲ್ಲಿ ಕಾಣಿಸೋಕೆ ಮುಂಚೆನೇ ಸಪ್ಲೈಯರ್ ಟೀ ತಂದಿಡ್ತಾನೆ. ಮೆಷಿನ್ನೂ ಹಾಗೇ. ಯಾವ ಹೊತ್ತಿಗೆ ಏನು ತೆಗೀತಾರೆ ಅಂತ ನೋಡಿಟ್ಕೊಂಡು, ಆ ಹೊತ್ತಿಗೆ ಮುಂಚೆನೇ ತಂದು ಸ್ಟೂಲ್ ಮೇಲಿಡುತ್ತೆ. ಮೊದಲೂ ಮಾಡ್ತಿತ್ತು, ದೀಪ ಇರಲಿಲ್ಲ, ನಿಮಗೆ ಕಾಣ್ತಿರಲಿಲ್ಲ."

"ನಾಲ್ಕು ಹತ್ತಕ್ಕೆ ನಾನೇನೂ ತೆಗೆಯಲ್ಲ."

"ನೀನಲ್ಲಮ್ಮ, ನಿಮ್ಮಕ್ಕ. ಗಿರಾಕಿ ಸತ್ತಿರೋದು ಸಪ್ಲೈಯರ್‌ಗೆ ಯಾರೂ ಹೇಳಿಲ್ಲ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒದ್ದೆ ಸ್ಪಂಜನ್ನು ಸುಮ್ಮನೆ ತಿರುವಿ ಹಾಕಿದ.

"ಅವಳು ಏನು ತೆಗೀತಿದ್ಲು ಅಂತ ನೋಡಬಹುದಾ?"

"ಡಿಸ್ಕು ಈಗ ಯಾವ ಫೈಲ್ ಓದ್ತಿದೆ ಅಂತ ತೋರಿಸೋ ಪಟ್ಟಿ ಒಂದಿದೆ. ಮೆಷಿನ್ ಜೊತೆಗೇ ಬಂದಿರುತ್ತೆ. ನಾಲ್ಕು ಹತ್ತಕ್ಕೆ ಅದನ್ನ ತೆಗೆದು ಕೂತ್ಕೋ. ಆದ್ರೆ ಬೇಗ ನೋಡು. ನೀನು ದಿನಾ ಕೆಲಸ ಮಾಡ್ತಿದೀಯ. ನಿನ್ನ ರೂಢಿ ಕಲೀತಾ ಕಲೀತಾ ಅವರದ್ದನ್ನ ಬಿಡುತ್ತೆ. ಜಾಗ ಇರೋದೇ ಅಷ್ಟು."

"ಎಷ್ಟು ದಿನ?"

"ಅದನ್ನ ಯಾರು ಹೇಳ್ತಾರೆ? ಇನ್ನೊಂದು ವಿಷ್ಯ. ದಿನಾ ನಾಲ್ಕು ಹತ್ತಕ್ಕೆ ಆ ಪಟ್ಟಿ ತೆಗೀತಾ ಹೋದ್ರೆ, ಕೊನೆಗೆ ಆ ಪಟ್ಟಿನೇ ತಂದಿಡುತ್ತೆ. ನೀನು ಇಣುಕೋದನ್ನೇ ಕಲ್ತುಬಿಡುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಮೋಟು ಲೆಕ್ಕ ಹಾಕಿದಳು. ವರದಿ ಟೈಪು ಮಾಡಿದಷ್ಟೂ ಅಕ್ಕ ಅಳಿಸಿಹೋಗುತ್ತಾಳೆ. ಮಾಡದಿದ್ದರೆ ಕೆಲಸ ಹೋಗುತ್ತದೆ. ಅವಳು ಟೈಪು ಮಾಡಿದಳು.

ಮೊದಲ ದಿನ ಪಟ್ಟಿ ತೆಗೆದು ಕಾದಳು. ಅಮ್ಮ ಹಿಂದೆ ನಿಂತಿದ್ದಳು. ನಾಲ್ಕು ಹತ್ತಕ್ಕೆ ದೀಪ ಮಿಣುಕಿದ್ದೇ ತಡ, ನೂರಾರು ಹೆಸರುಗಳು ಮೇಲಿಂದ ಕೆಳಕ್ಕೆ ಸುರಿದವು. ಓದುವಷ್ಟರಲ್ಲಿ ಜಾರಿಹೋದವು. ಎರಡನೆಯ ದಿನ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೋದರೆ, ಸರಿಯಾಗಿ ಆ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಎಡಗಾಲನ್ನು ಬಲಗಾಲು ಎಂದು ಬರೆದದ್ದು ಯಾರೆಂದು ಮೂಳೆ ಡಾಕ್ಟರು ಕೇಳಿದರು. ಮೋಟು ನಾನೇ ಎಂದಳು. ಆ ಹೊತ್ತಿಗೆ ದೀಪ ನಿಂತಿತ್ತು.

"ಅವಳಿದ್ದಾಗ್ಲೂ ನಿನಗೆ ಹೀಗೇ, ಯಾವಾಗ್ಲೂ ಬೇರೆ ಫೋನು," ಎಂದಳು ಅಮ್ಮ. ಬೈಗುಳದ ದನಿಯಿರಲಿಲ್ಲ. ಅದಕ್ಕೇ ಹೆಚ್ಚು ತಾಗಿತು.

ಮೂರನೆಯ ದಿನ ದೀಪ ಮಿಣುಕಿದ್ದು ಕೆಲವೇ ಕ್ಷಣ. ಅಕ್ಕ ಸವೆಯುತ್ತಿದ್ದಳು. ನಾಲ್ಕನೆಯ ದಿನ ಮೋಟು ಬೆಳಗಿನಿಂದ ಒಂದು ವರದಿಯನ್ನೂ ಮುಟ್ಟಲಿಲ್ಲ. ಆಸ್ಪತ್ರೆಗೆ ಜ್ವರ ಎಂದಳು. ಮೊಬೈಲನ್ನು ಪುಸ್ತಕಗಳ ಮೇಲೆ ಒರಗಿಸಿ, ಯಾರ ಕರೆಯೂ ಬರದಂತೆ ಮಾಡಿ, ವಿಡಿಯೋ ಹಚ್ಚಿದಳು. ದೀಪ ಮಿಣುಕಿತು. ಆಮೇಲೆ ವಿಡಿಯೋವನ್ನು ತಡೆತಡೆದು ನೋಡಿದಳು. ಮೆಷಿನ್ನಿನ ಸ್ವಂತದ ಫೈಲುಗಳೇ ಹೆಚ್ಚಿದ್ದವು. ಅವುಗಳ ನಡುವೆ, ದೊಡ್ಡ ಫೈಲನ್ನು ಮಡಚಿ ಚಿಕ್ಕದು ಮಾಡುವ ಒಂದು ಪ್ರೋಗ್ರಾಮು. ಅದರ ಕೆಳಗೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಫೋಲ್ಡರ್ ಹೆಸರು: ಹೊತ್ಕೊಂಡ್ಹೋಗೋದು.

ಮೆಷಿನ್ನಿನ ಒಳಗೆ ಯಾವುದೋ ಮೂಲೆಯಲ್ಲಿತ್ತು ಆ ಫೋಲ್ಡರ್. ಒಳಗೆ ಒಂದೇ ಒಂದು ಬರಹದ ಫೈಲು. ಮೋಟು ತೆರೆದಳು.

ಅಕ್ಕನಿಗೆ ಕನ್ನಡ ಕೀಲಿಮಣೆ ಬರುತ್ತಿರಲಿಲ್ಲ, ಹಾಗಾಗಿ ಎಲ್ಲವೂ ಇಂಗ್ಲಿಷ್ ಅಕ್ಷರದ ಕನ್ನಡ. ಮೇಲೆ ಒಂದು ಸಾಲು. ಅದರ ಕೆಳಗೆ ತಾರೀಖುಗಳು. ಪ್ರತಿ ತಾರೀಖಿನ ಮುಂದೆ 'ಕೊಟ್ಟೆ' ಎಂಬ ಒಂದೇ ಮಾತು. ಇಪ್ಪತ್ತೆರಡು ತಾರೀಖು, ಇಪ್ಪತ್ತೆರಡು 'ಕೊಟ್ಟೆ'. ಇಪ್ಪತ್ತಮೂರನೆಯದು ಟ್ಯಾಂಕರಿನ ದಿನದ ತಾರೀಖು. ಅದರ ಮುಂದೆ ಏನೂ ಇರಲಿಲ್ಲ. ಹೋಗುವಾಗ ತಾರೀಖು ಹಾಕಿ, ಬಂದ ಮೇಲೆ 'ಕೊಟ್ಟೆ' ಎಂದು ಬರೆಯುತ್ತಿದ್ದಳೇನೋ.

ಮೇಲಿನ ಸಾಲು ಹೀಗಿತ್ತು: 'ನೆಟ್ಟಲ್ಲಿ ಕಳಿಸೋವಾಗ ಮಧ್ಯದಲ್ಲೇ ನಿಂತುಹೋಗುತ್ತೆ. ಮೋಟು ಬಂದು ಸರಿ ಮಾಡೋವರೆಗೆ ಕೈಯಲ್ಲೇ ಕೊಡೋದು.'

ಮೊದಲ ತಾರೀಖು ಒಂದು ಸೋಮವಾರದ್ದು. ಅದರ ಹಿಂದಿನ ದಿನದ ಫೋನು ಮೋಟುವಿಗೆ ನೆನಪಿತ್ತು. ಅಕ್ಕ ಅಂದಿದ್ದಳು, "ಲೇ ಮೋಟೂ, ಈ ಮುದಿಮೆಷಿನ್ ನನ್ನ ಪ್ರಾಣ ತಿಂತಿದೆ ಕಣೆ. ಅದೇನೋ ಪೆನ್ ಡ್ರೈವ್ ಹಾಕಿದ್ರೆ ಸರಿಹೋಗುತ್ತೆ ಅಂದ್ಯಲ್ಲ, ಬಂದು ಹಾಕಿಕೊಡೆ." ಬರೋ ಭಾನುವಾರ ಬರ್ತೀನಿ, ಐದು ನಿಮಿಷದ ಕೆಲಸ ಎಂದಿದ್ದಳು ಮೋಟು. ಆ ಭಾನುವಾರ ಹಾಸ್ಟೆಲಿನವರೆಲ್ಲ ಸಿನಿಮಾಕ್ಕೆ ಹೋದರು. ಮುಂದಿನ ಭಾನುವಾರ ತಲೆನೋವು. ಅದರ ಮುಂದಿನದ್ದು ಏನಾಯಿತೆಂದು ನೆನಪಿಲ್ಲ, ಏನೂ ಆಗಿರಲಿಕ್ಕಿಲ್ಲ.

ಅವಳು ಏಜೆಂಟನಿಗೆ ಫೋನು ಮಾಡಿದಳು.

"ಅಕ್ಕ ಕೆಲಸಾನ ಪೆನ್ ಡ್ರೈವ್‌ನಲ್ಲಿ ಹಾಕ್ಕೊಂಡು ನಿಮ್ಮ ಆಫೀಸಿಗೇ ತಂದು ಕೊಡ್ತಿದ್ಲು, ಅಲ್ವಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. "ಯಾರು ಹೇಳಿದ್ರು?"

"ಅವಳೇ."

"ನೋಡಮ್ಮ, ಗಿರಾಕಿಗಳ ಕಾಗದಪತ್ರ ಹಾಗೆ ಹೊರಗೆ ತರೋ ಹಾಗಿಲ್ಲ. ಮೇಲಿನವರಿಗೆ ಗೊತ್ತಾದ್ರೆ ನನ್ನ ಲೈಸೆನ್ಸು ಹೋಗುತ್ತೆ. ನಾನೇನು ಬಾ ಅಂತ ಕರೆದಿರಲಿಲ್ಲ. ಐದರೊಳಗೆ ಬೇಕು ಅಂದಿದ್ದೆ, ಅಷ್ಟೇ."

"ನಮ್ಮಮ್ಮ ನಿಮ್ಮನ್ನ ಕೇಳಿದಾಗ ಇಷ್ಟು ಹೇಳಿದ್ರೆ ಸಾಕಿತ್ತು."

ಅವನು ಫೋನಿಟ್ಟ. ಮೋಟುವಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನಾದರೂ ಒಂದೇ ಸುಳ್ಳು ಹೇಳಿದ್ದ. ಅವಳು ಮೂರು ಭಾನುವಾರ ಹೇಳಿದ್ದಳು. ಮೆಷಿನ್ನಿನ ಪಕ್ಕೆಗೆ ಸಿಕ್ಕಿಸಿದ ಪೆನ್ ಡ್ರೈವ್ ಕಣ್ಣೆದುರಿಗೇ ಇತ್ತು. ಇಪ್ಪತ್ತಮೂರನೆಯ ದಿನದ ಕೆಲಸ ಇದರಲ್ಲೇ ಇತ್ತು. ಹಿಂದೆಮುಂದೆ ನೋಡದೆ ಅದನ್ನೂ ಅಳಿಸಿದವಳು ಅವಳೇ.

ಅಮ್ಮ ಹಿತ್ತಿಲ ನಲ್ಲಿಯಿಂದ ಕೊಡ ತುಂಬಿಕೊಂಡು ಬಂದಳು. ಮೋಟು ಹೇಳಿದಳು, ತಾರೀಖುಗಳನ್ನು ಓದಿಯೂ ಹೇಳಿದಳು. ಮೇಲಿನ ಸಾಲನ್ನು ಮಾತ್ರ ಓದಲಿಲ್ಲ.

"ಆಫೀಸಿಗಾ?" ಎಂದಳು ಅಮ್ಮ. "ಕೆಲಸ ಕೊಡೋಕಾ?"

"ಹೂಂ."

"ದಿನಾನೂ?"

"ಇಪ್ಪತ್ತೆರಡು ದಿನ ಅಮ್ಮ. ಅವತ್ತಿನದು ಸೇರಿದ್ರೆ ಇಪ್ಪತ್ತಮೂರು."

ಅಮ್ಮ ಕೊಡ ಇಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡು, ಬಾಗಿಲು ತೆಗೆದು, ಮೆಟ್ಟಿಲ ತುದಿಯಲ್ಲಿ ನಿಂತು, ಐದು ತಿಂಗಳಲ್ಲಿ ಮೊದಲ ಸಲ ದೊಡ್ಡ ದನಿಯಲ್ಲಿ ಕರೆದಳು.

"ರೀ! ಕೆಳಗಿನ ಮನೆಯವ್ರೇ! ಕೇಳಿಸ್ತಾ? ನನ್ನ ಮಗಳು ಆಫೀಸಿಗೆ ಹೋಗ್ತಿದ್ಲಂತೆ. ಕೆಲಸ ಕೊಡೋಕೆ. ತಾರೀಖು ಸಮೇತ ಬರೆದಿಟ್ಟಿದಾಳೆ!"

ಕೆಳಗಿನಿಂದ, "ಈಗ ಯಾರು ಏನಂದ್ರು?" ಎಂದು ಕೇಳಿಸಿತು.

"ನೀವೇನೂ ಅಂದಿಲ್ಲ ಪಾಪ!" ಎಂದಳು ಅಮ್ಮ. ಆ ಪಾಪವನ್ನು ಬಡ್ಡಿ ಸಮೇತ ಹಿಂತಿರುಗಿಸಿ ಬಾಗಿಲು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಎದೆ ಏರಿಳಿಯುತ್ತಿತ್ತು. ಮುಖ ಹಗುರಾಗಿತ್ತು. ಮೋಟು ಇಷ್ಟಕ್ಕೇ ಮುಗಿಯಲಿ ಎಂದುಕೊಂಡಳು.

ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬರದು. ಆದರೆ ಲಾಂಡ್ರಿಯಲ್ಲಿ ಸಾವಿರ ಬೆಡ್‌ಶೀಟುಗಳ ನಡುವೆ ಒಂದು ಕಲೆಯನ್ನು ಹುಡುಕುವ ಕಣ್ಣು ಅದು.

"ಮೇಲೊಂದು ಉದ್ದದ ಸಾಲಿದೆಯಲ್ಲ. ಅದೇನು?"

"ಏನಿಲ್ಲ, ಹೆಸರು ಬರ್ಕೊಂಡಿದಾಳೆ."

"ಯಾರ ಹೆಸರು? ಓದು."

ಮೋಟು ಓದಿದಳು. ಒಂದೂ ಅಕ್ಷರ ಬಿಡದೆ, ವರದಿ ಓದುವ ದನಿಯಲ್ಲಿ ಓದಿದಳು.

ಅಮ್ಮ ಅಳಲಿಲ್ಲ. ಕೈ ನೀಡಿ ಪೆನ್ ಡ್ರೈವಿನ ಜಜ್ಜಿದ ತುದಿಯನ್ನು ಬೆರಳಿನಿಂದ ಮುಟ್ಟಿದಳು. "ಸರಿ ಮಾಡೋದು ಅಂದ್ರೆ ಇದನ್ನ ಹಾಕೋದಾ?"

"ಹೂಂ."

"ಈಗ ಹಾಕಿದೀಯಲ್ಲ. ಎಷ್ಟು ಹೊತ್ತು ಬೇಕಾಯ್ತು?"

"ಐದು ನಿಮಿಷ."

ಅಮ್ಮ ತಲೆಯಾಡಿಸಿದಳು, ಅಂಗಡಿಯಲ್ಲಿ ಬೆಲೆ ಕೇಳಿ ತಿಳಿದುಕೊಂಡವರ ಹಾಗೆ. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

"ಇದು ಇನ್ನೆಷ್ಟು ದಿನ ಮಿಣುಕುತ್ತೆ?"

"ಮರೆತುಬಿಡುತ್ತಮ್ಮ. ಈಗಲೇ ಕಮ್ಮಿಯಾಗಿದೆ. ಯಾರೂ ಆ ಫೈಲ್ ತೆಗೀದಿದ್ರೆ ಒಂದು ವಾರದಲ್ಲಿ..."

"ತೆಗೆದ್ರೆ?"

ಮೋಟು ಮೊಬೈಲನ್ನು ಮಗುಚಿಟ್ಟಳು.

"ತೆಗೆದ್ರೆ ಮರೆಯಲ್ಲ ತಾನೆ?"

"ಮರೆಯಲ್ಲ."

"ಹಾಗಾದ್ರೆ ನಾಲ್ಕು ಹತ್ತಕ್ಕೆ ದಿನಾ ಇದನ್ನ ತೆಗಿ," ಎಂದಳು ಅಮ್ಮ. "ಅದೇ ಸಾಲು ನಂಗೆ ಓದಿ ಹೇಳು." ಕೊಡ ಎತ್ತಿಕೊಂಡು ಒಳಗೆ ಹೋದಳು.

ಅದು ಶಿಕ್ಷೆಯೋ, ಬರೀ ತಾಯಿಯ ಆಸೆಯೋ ಮೋಟು ಕೇಳಲಿಲ್ಲ. ಕೇಳಿದರೆ ಅಮ್ಮ ಹೇಳಿಬಿಡುತ್ತಾಳೆ ಎಂಬ ಹೆದರಿಕೆಯಿತ್ತು.

ಆಸ್ಪತ್ರೆಯವರು ಎರಡು ವಾರದ ಮೇಲೆ ಕೆಲಸ ಖಾಯಂ ಮಾಡಿದರು. ವರದಿಗಳು ಹೊತ್ತಿಗೆ ಸರಿಯಾಗಿ ಹೋಗುತ್ತವೆ. ಎಡಗಾಲು ಎಡಗಾಲಾಗಿಯೇ ಇರುತ್ತದೆ. ಕೆಳಗಿನ ಮನೆಯಾಕೆ ಈಗ ಅಮ್ಮನನ್ನು ಕಂಡರೆ ತಾನೇ ಮೊದಲು ಮಾತಾಡಿಸುತ್ತಾಳೆ, ಅಮ್ಮ ತಲೆಯೆತ್ತಿಯೇ ಮೆಟ್ಟಿಲಿಳಿಯುತ್ತಾಳೆ. ಮೂರೂವರೆಗೆ ಬಂದು, ಟೀ ಮಾಡಿ, ಕುರ್ಚಿ ಎಳೆದುಕೊಳ್ಳುತ್ತಾಳೆ. ಮೋಟುವನ್ನು ಕರೆಯುವುದಿಲ್ಲ. ಕರೆಯುವ ಅಗತ್ಯವಿಲ್ಲ.

ನಾಲ್ಕು ಹತ್ತಕ್ಕೆ ಇನ್ನೂ ಎರಡು ನಿಮಿಷವಿದೆ ಎನ್ನುವಾಗಲೇ ದೀಪ ಮಿಣುಕುತ್ತದೆ. ಡಿಸ್ಕು ಕರಕರ ಎನ್ನುತ್ತದೆ. ಮೆಷಿನ್ನು ಫೈಲನ್ನು ಬಾಗಿಲ ಬಳಿ ತಂದಿಟ್ಟುಕೊಂಡು ಕೂರುತ್ತದೆ. ಅದು ಈಗ ಕಾಯುತ್ತಿರುವುದು ಅಕ್ಕನನ್ನಲ್ಲ ಎಂದು ಮೋಟುವಿಗೆ ಗೊತ್ತು. ಒಮ್ಮೆ ಬೇಕೆಂದೇ ಬಚ್ಚಲಿನಲ್ಲಿ ನಿಂತು ತಡ ಮಾಡಿದಳು, ನಾಲ್ಕು ಇಪ್ಪತ್ತಕ್ಕೆ ಹೊರಬಂದಳು. ಅಮ್ಮ ಹಾಗೆಯೇ ಕೂತಿದ್ದಳು. ಟೀ ಮೇಲೆ ಕೆನೆ ಕಟ್ಟಿತ್ತು.

ಮೋಟು ಕೈ ಒರೆಸಿಕೊಂಡು ಮೇಜಿನ ಮುಂದೆ ಕೂತು ಫೈಲನ್ನು ಒತ್ತಿದಳು. ಒಂದು ಕ್ಷಣವೂ ತಡೆಯದೆ ಅದು ತೆರೆದುಕೊಂಡಿತು. ಆ ಲ್ಯಾಪ್‌ಟಾಪಿನಲ್ಲಿ ಅಷ್ಟು ಬೇಗ ತೆರೆಯುವುದು ಅದೊಂದೇ.